ಸವಾರನ ಇಡುಗಂಟು

ಹಾವೇರಿಯ ಪುರಸಿದ್ಧೇಶ್ವರ ಗುಡಿಯ ಆವರಣದಲ್ಲಿರುವ ವೀರಗಲ್ಲುಗಳನ್ನು ನಮ್ಮ ಕಡೆಯವರು ಒಂದಲ್ಲ ಒಂದು ಸಲ ನೋಡಿಯೇ ಇರುತ್ತಾರೆ. ಪ್ರದಕ್ಷಿಣೆಯ ನಡುವೆ ಅವುಗಳ ಮೇಲೆ ಕಣ್ಣಾಡಿಸಿ ಮುಂದೆ ಸಾಗುವವರೇ ಹೆಚ್ಚು. ನಿಂತು ನೋಡಿದರೆ ಅಲ್ಲಿ ಕಥೆ ಹೇಳುವ ಒಂದು ಕಟ್ಟು ಕಾಣುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಕೈಲಾಸ, ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುರುಗಾಳಗದಲ್ಲಿ ಬಿದ್ದವನು ಮೂರೇ ಮೆಟ್ಟಿಲಲ್ಲಿ ದೇವರ ಬಳಿ ಸೇರುತ್ತಾನೆ. ಇಷ್ಟು ಅಡಕವಾದ, ಇಷ್ಟು ಗಟ್ಟಿಯಾದ ಕಥನರೂಪ ನಮ್ಮಲ್ಲಿ ಮತ್ತೊಂದಿಲ್ಲ. ಆದರೆ ಅದೇ ಕಾಳಗದಲ್ಲಿ ಬದುಕಿ ಉಳಿದು, ಊರಿಗೆ ಮರಳಿ, ಮುಪ್ಪಿನಲ್ಲಿ ಹುಡುಗರಿಗೆ ಲಗಾಮು ಹಿಡಿಯುವುದನ್ನು ಹೇಳಿಕೊಟ್ಟವನೊಬ್ಬನಿದ್ದರೆ ಅವನಿಗೆ ಕಲ್ಲಿಲ್ಲ. ನಾಲ್ಕನೆಯ ಪಟ್ಟಿಕೆಯನ್ನು ಶಿಲ್ಪಿ ಕೆತ್ತಲಿಲ್ಲ.

ಶಿಲ್ಪಿಯ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಸತ್ತವನನ್ನು ನೆನೆಯುವುದಕ್ಕೆ ಹುಟ್ಟಿದ ರೂಪ ಅದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿದೆ. ನನ್ನ ಕೊರಗು ನಮ್ಮ ಈಗಿನ ಬರವಣಿಗೆಯ ವಿಷಯದ್ದು. ಆಟಗಾರರನ್ನು, ಪೈಲವಾನರನ್ನು, ಸವಾರರನ್ನು ಕುರಿತು ಪತ್ರಿಕೆಗಳಲ್ಲಿ ಬರುವ ವ್ಯಕ್ತಿಚಿತ್ರಗಳನ್ನು ಒಂದು ವರ್ಷ ಕೂಡಿಟ್ಟು ಓದಿ ನೋಡಿ. ಮೊದಲು ಸೆಣಸಾಟ, ಬಳಿಕ ಮೆರವಣಿಗೆ, ಕೊನೆಗೆ ಪ್ರಶಸ್ತಿ: ಅದೇ ಮೂರು ಪಟ್ಟಿಕೆ. ಆಟ ಬಿಟ್ಟ ಮೇಲಿನ ಇಪ್ಪತ್ತು ಮೂವತ್ತು ವರ್ಷ ಕಡೆಯ ವಾಕ್ಯದಲ್ಲಿ ಮುಗಿದುಹೋಗುತ್ತದೆ. ‘ಸದ್ಯ ಕಿರಿಯರಿಗೆ ತರಬೇತಿ ನೀಡುತ್ತಿದ್ದಾರೆ’ ಎಂಬ ಆ ವಾಕ್ಯವನ್ನು ಓದಿದಾಗಲೆಲ್ಲ, ಬರೆಯಬೇಕಾದ ಕಥೆ ಇಲ್ಲಿಂದಲ್ಲವೇ ಶುರುವಾಗಬೇಕಾದದ್ದು ಎಂದು ನನಗೆ ಅನ್ನಿಸಿದೆ.

ಈ ಮಾತನ್ನು ಕುದುರೆಯ ಸವಾರನನ್ನು ಮುಂದಿಟ್ಟುಕೊಂಡು ಪರೀಕ್ಷಿಸಬಹುದು. ನಮ್ಮ ಸೀಮೆಗೆ ಸವಾರ ಹೊಸಬನಲ್ಲ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನೆಲಸಿರುವ ಮಾಲತೇಶ ಮೈಲಾರಲಿಂಗನೇ. ಮೈಲಾರನೋ ಕುದುರೆಯೇರಿದ ದೇವರು. ಈ ನೆಲವನ್ನಾಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ವಾಹ್ಯಾಳಿಯ ವಿನೋದಕ್ಕೆ, ಎಂದರೆ ಬಯಲಿನಲ್ಲಿ ಕುದುರೆ ಏರಿ ಆಡುವ ಆಟಕ್ಕೆ, ಪ್ರತ್ಯೇಕ ಸ್ಥಾನವುಂಟು. ಕನ್ನಡದಲ್ಲಿಯೇ ಅಭಿನವಚಂದ್ರನ ‘ಅಶ್ವವೈದ್ಯ’ವಿದೆ. ರಾವುತನೆಂಬ ಚೆಂದದ ಮಾತೂ ನಮ್ಮದೇ. ಇಷ್ಟೆಲ್ಲ ಇದ್ದೂ ಕುದುರೆಯಿಂದಿಳಿದ ರಾವುತನು ಏನು ಮಾಡಿದನೆಂದು ಕೇಳಿದರೆ ಶಾಸ್ತ್ರಗ್ರಂಥಗಳು ಸುಮ್ಮನಾಗುತ್ತವೆ. ಉತ್ತರ ಸಿಗುವುದು ಒಂದು ಕಾವ್ಯದಲ್ಲಿ. ಆ ಕಾವ್ಯವನ್ನು ಕನ್ನಡಕ್ಕೆ ತಂದವನು ನಮ್ಮ ಜಿಲ್ಲೆಯವನೇ.

ಬ್ಯಾಡಗಿಯ ಹೆಸರು ಹೊರಗಿನವರಿಗೆ ಮೆಣಸಿನಕಾಯಿಯಿಂದ ಪರಿಚಿತ. ಆ ತಾಲ್ಲೂಕಿನಲ್ಲಿಯೇ ಕಾಗಿನೆಲೆ ಇದೆ. ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿ ಇಟ್ಟುಕೊಂಡ ಕನಕದಾಸರಿದ್ದಾರೆ. ಬಾಡದ ಡಣಾಯಕನಾಗಿ ಕತ್ತಿ ಹಿಡಿದವನು ಯುದ್ಧದಲ್ಲಿ ಗಾಯಗೊಂಡು ಆಯುಧ ಬಿಟ್ಟು ದಾಸನಾದನೆಂದು ಪರಂಪರೆ ಹೇಳುತ್ತದೆ. ಅಂಥವರು ಭಾಮಿನೀ ಷಟ್ಪದಿಯಲ್ಲಿ ‘ನಳಚರಿತ್ರೆ’ಯನ್ನು ಹೇಳಿದರು. ನಮ್ಮ ತರಗತಿಗಳಲ್ಲಿ ಅದನ್ನು ನಳದಮಯಂತಿಯರ ಪ್ರೇಮಕಥೆಯೆಂದು, ಜೂಜಿನ ಕೇಡನ್ನು ತೋರುವ ನೀತಿಕಥೆಯೆಂದು ಓದಿಸುತ್ತೇವೆ. ಎರಡೂ ಸರಿಯೇ. ಆದರೆ ಅದರ ನಡುಭಾಗದಲ್ಲಿ ಮೂರನೆಯ ಕಥೆಯೊಂದಿದೆ. ರಾಜ್ಯ ಹೋಯಿತು, ರೂಪ ಹೋಯಿತು, ಹೆಸರು ಹೋಯಿತು. ಉಳಿದದ್ದು ಕುದುರೆಯ ವಿದ್ಯೆ ಒಂದೇ. ಆ ವಿದ್ಯೆಯನ್ನು ನೆಚ್ಚಿಕೊಂಡು ನಳನು ಬಾಹುಕನೆಂಬ ಕುರೂಪಿಯಾಗಿ ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ಚಾಕರಿಗೆ ಸೇರುತ್ತಾನೆ. ಕಾಲ ಮುಗಿದ ಸವಾರನೊಬ್ಬ ಲಾಯದ ಬಾಗಿಲಲ್ಲಿ ಬಂದು ನಿಂತಂತೆಯೇ ಇದು.

ಮಹಾಭಾರತದ ನಳೋಪಾಖ್ಯಾನದಲ್ಲಿ ಈ ಭಾಗ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ದಮಯಂತಿಯ ಎರಡನೆಯ ಸ್ವಯಂವರವೆಂಬ ಸುದ್ದಿ ಬಂದಿದೆ. ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕು. ಬಾಹುಕ ಲಾಯಕ್ಕೆ ಹೋಗಿ ಕೊಬ್ಬಿದ ಕುದುರೆಗಳನ್ನು ಬಿಟ್ಟು ಬಡಕಲಾದವನ್ನು ಆರಿಸುತ್ತಾನೆ. ರಾಜನಿಗೆ ಸಿಟ್ಟು ಬರುತ್ತದೆ: ಇವು ದಾರಿ ಸವೆಸಬಲ್ಲವೇ? ಬಾಹುಕ ವಾದಿಸುವುದಿಲ್ಲ, ಬೇರೆ ಬೇಕಾದರೆ ಹೇಳಿ, ಹೂಡುತ್ತೇನೆ ಎನ್ನುತ್ತಾನೆ. ರಥ ಹೊರಡುತ್ತದೆ. ರಾಜನ ಉತ್ತರೀಯ ಗಾಳಿಗೆ ಹಾರಿ ಬೀಳುತ್ತದೆ. ನಿಲ್ಲಿಸು, ತರಿಸೋಣ ಎಂದು ರಾಜ ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿದೆ. ರಥದಲ್ಲಿ ವಾರ್ಷ್ಣೇಯನಿದ್ದಾನೆ, ಹಿಂದೆ ನಳನಿಗೇ ಸಾರಥಿಯಾಗಿದ್ದವನು. ಬಾಹುಕನ ಮುಖ ಅವನಿಗೆ ಏನನ್ನೂ ಹೇಳುವುದಿಲ್ಲ. ಲಗಾಮಿನ ಮೇಲಿನ ಕೈ ಹೇಳುತ್ತದೆ. ಇವನು ಇಂದ್ರನ ಸಾರಥಿ ಮಾತಲಿಯೋ, ಅಶ್ವಶಾಸ್ತ್ರದ ಶಾಲಿಹೋತ್ರನೋ, ಇಲ್ಲವೆ ನಳನೇ ಹೀಗೆ ಬಂದಿದ್ದಾನೋ ಎಂದು ಅವನು ಒಳಗೊಳಗೇ ತರ್ಕಿಸುತ್ತಾನೆ.

ಮುಂದಿನ ಘಟ್ಟ ಎಲ್ಲರಿಗೂ ನೆನಪಿರುವಂಥದು. ತಾರೆಮರದ ಎಲೆ ಕಾಯಿಗಳನ್ನು ಋತುಪರ್ಣ ಒಂದೇ ನೋಟದಲ್ಲಿ ಎಣಿಸಿ ಹೇಳುತ್ತಾನೆ. ಬಾಹುಕ ರಥ ನಿಲ್ಲಿಸಿ ಲೆಕ್ಕ ಹಾಕಿ ನೋಡುತ್ತಾನೆ, ಒಂದೂ ತಪ್ಪಿಲ್ಲ. ಇಬ್ಬರೂ ವಿದ್ಯೆಯನ್ನು ಬದಲಾಯಿಸಿಕೊಳ್ಳಲು ಒಪ್ಪುತ್ತಾರೆ. ರಾಜ ಅಕ್ಷಹೃದಯವನ್ನು, ದಾಳದ ಮರ್ಮವನ್ನು, ಕೊಡುತ್ತಾನೆ; ಅಶ್ವಹೃದಯವನ್ನು ಮಾತ್ರ ಅಲ್ಲಿಯೇ ತೆಗೆದುಕೊಳ್ಳುವುದಿಲ್ಲ. ಅದು ನಿನ್ನಲ್ಲಿಯೇ ನಿಕ್ಷೇಪವಾಗಿ ಇರಲಿ, ಆಮೇಲೆ ಪಡೆಯುತ್ತೇನೆ ಎನ್ನುತ್ತಾನೆ. ಕಲಿಸಬಲ್ಲವನ ಒಳಗಿರುವ ವಿದ್ಯೆ ಕಲಿಯುವವನ ಇಡುಗಂಟು ಎಂಬ ಈ ಕಲ್ಪನೆಗೆ ಸಮನಾದದ್ದನ್ನು ನಾನು ಬೇರೆ ಕಡೆ ಕಂಡಿಲ್ಲ. ಗಂಟು ಇವನ ಬಳಿ ಇದೆ, ಆದರೆ ಇವನದಲ್ಲ. ತೆಗೆದುಕೊಳ್ಳುವವನು ಬಾರದಿದ್ದರೆ ಇವನೊಡನೆಯೇ ಮಣ್ಣಾಗುತ್ತದೆ. ಕಥೆಯಲ್ಲಿ ಋತುಪರ್ಣ ಮಾತು ಉಳಿಸಿಕೊಂಡ. ನಳನ ನಿಜರೂಪ ತಿಳಿದ ಬಳಿಕ ಬಂದು ಆ ವಿದ್ಯೆಯನ್ನು ಪಡೆದ. ಬದುಕಿನಲ್ಲಿ ಎಲ್ಲ ಋತುಪರ್ಣರೂ ಮರಳಿ ಬರುವುದಿಲ್ಲ.

ಈ ಕಥೆಯಲ್ಲಿ ಕುದುರೆ ಮತ್ತು ಜೂಜು ಒಂದೇ ರಥದಲ್ಲಿ ಕೂತು ಸಾಗುವುದೂ ಅರ್ಥವಿಲ್ಲದ್ದಲ್ಲ. ರೇಸು ಎಂದೊಡನೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮುಖ ಗಂಟಿಕ್ಕುತ್ತದೆ. ಹಾಳಾದ ಸಂಸಾರಗಳ ನೆನಪು ಬರುತ್ತದೆ. ಅದು ಸುಳ್ಳು ಭಯವೆಂದು ನಾನು ಹೇಳಲಾರೆ. ಆದರೆ ಬಾಜಿ ಕಟ್ಟುವವನ ಪಾಪವನ್ನು ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯ ಬರಿಯ ಅದೃಷ್ಟದ ಆಟವಲ್ಲ, ಕೌಶಲವೇ ಮೇಲುಗೈಯಾಗಿರುವ ಆಟ ಎಂದು ತೀರ್ಪಿತ್ತಿತು. ಆ ಕೌಶಲ ಕುದುರೆಯ ತಾಲೀಮಿನಲ್ಲಿದೆ, ಸವಾರನ ಕೈಯಲ್ಲಿದೆ. ನಳನನ್ನು ಕೆಡಿಸಿದ್ದು ದಾಳ, ಕಾಪಾಡಿದ್ದು ಕುದುರೆ. ರೇಸಿನ ಮೈದಾನದಲ್ಲಿಯೂ ಅವೆರಡನ್ನು ಬೇರೆಬೇರೆಯಾಗಿ ನೋಡುವ ಕಣ್ಣು ಬೇಕು. ಆ ಕಣ್ಣು ಇಲ್ಲದ್ದರಿಂದಲೇ ನಮ್ಮ ಭಾಷೆಯಲ್ಲಿ ಜಾಕಿಯ ಜೀವನವೆಂಬುದು ಸಾಹಿತ್ಯದ ವಸ್ತುವಾಗಿ ಬೆಳೆಯಲಿಲ್ಲವೆಂದು ತೋರುತ್ತದೆ.

ರೇಸಿನ ತವರಾದ ಇಂಗ್ಲೆಂಡಿನಲ್ಲಿಯೂ ವೀರಗಲ್ಲಿನ ಮೋಹ ಕಡಿಮೆಯೇನಲ್ಲ. ಫ್ರೆಡ್ ಆರ್ಚರನ ಕಥೆಯನ್ನು ಅಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಹದಿಮೂರು ವರ್ಷ ಮೊದಲ ಸ್ಥಾನ, 2,748 ಗೆಲುವು. ಸವಾರನಿಗಿರಬೇಕಾದುದಕ್ಕಿಂತ ಎತ್ತರದ ಮೈ. ತೂಕ ಇಳಿಸಲು ಹೊಟ್ಟೆ ಕಟ್ಟಿ ಕಟ್ಟಿ ಸೊರಗಿದವನು. ಹೆಂಡತಿ ತೀರಿಕೊಂಡ ಎರಡು ವರ್ಷಕ್ಕೆ, 1886ರ ನವೆಂಬರಿನಲ್ಲಿ, ಜ್ವರದ ಹಾಸಿಗೆಯಲ್ಲಿದ್ದವನು ಗುಂಡು ಹಾರಿಸಿಕೊಂಡು ಸತ್ತ, ವಯಸ್ಸು 29. ಮನಸ್ಸು ಕಲಕುವ ಬಾಳು. ಆದರೆ ಆ ಕೈಗಳಲ್ಲಿದ್ದ ವಿದ್ಯೆಯನ್ನು ಮುಪ್ಪಿನವರೆಗೆ ಕುಳಿತು ಇನ್ನೊಬ್ಬರಿಗೆ ಕೊಡುವ ಅವಕಾಶ ಅವನಿಗೆ ಬರಲಿಲ್ಲ. ಕಾಳಗ, ಕೀರ್ತಿ, ಸಾವು: ಮೂರು ಪಟ್ಟಿಕೆಗೆ ಇದಕ್ಕಿಂತ ಹೊಂದುವ ಬಾಳು ಬೇಕೇ?

ಇವನ ಎದುರಿಗೆ ನಾನು ಇಡಬಯಸುವ ಹೆಸರು ನಮ್ಮಲ್ಲಿ ಹೆಚ್ಚು ಜನ ಕೇಳಿಲ್ಲದ್ದು: ಫ್ರೆಂಚಿ ನಿಕಲ್ಸನ್. ಈತ ಬೇಲಿ ಹಾರಿಸುವ ಪಂದ್ಯಗಳ ಸವಾರ. 1942ರಲ್ಲಿ ಚೆಲ್ಟನ್‌ಹ್ಯಾಮಿನ ಗೋಲ್ಡ್ ಕಪ್ ಗೆದ್ದವನು. ಒಳ್ಳೆಯ ಸವಾರನೇ ಸರಿ. ಆದರೆ ಅಷ್ಟೇ ಆಗಿದ್ದರೆ ಇವನ ಹೆಸರನ್ನು ಇಂದು ನೆನೆಯುವವರು ವಿರಳವಾಗುತ್ತಿದ್ದರು. ಕುದುರೆಯಿಂದಿಳಿದ ಮೇಲೆ ಚೆಲ್ಟನ್‌ಹ್ಯಾಮಿನ ಹತ್ತಿರ ಲಾಯ ಇಟ್ಟುಕೊಂಡು ಹುಡುಗರನ್ನು ತಿದ್ದತೊಡಗಿದ. ಬಿಗಿ ಶಿಸ್ತಿನ ಮನುಷ್ಯನೆಂದು ಹೆಸರಾದ. ಅವನ ಕೈಕೆಳಗೆ ಕಲಿತ ಪ್ಯಾಟ್ ಎಡ್ಡರಿ ಹನ್ನೊಂದು ಸಲ ಮೊದಲ ಸ್ಥಾನದ ಸವಾರನಾಗಿ 4,632 ಪಂದ್ಯ ಗೆದ್ದ. ಅಲ್ಲಿಯೇ ಪಾಠ ಹೇಳಿಸಿಕೊಂಡ ವಾಲ್ಟರ್ ಸ್ವಿನ್‌ಬರ್ನ್ 1981ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಶೆರ್ಗರ್ ಎಂಬ ಕುದುರೆಯ ಮೇಲೆ ಡರ್ಬಿಯನ್ನು ಹತ್ತು ಕುದುರೆಯುದ್ದದ ಅಂತರದಿಂದ ಗೆದ್ದ. ಗಮನಿಸಬೇಕಾದ ಸಂಗತಿಯೆಂದರೆ, ಗುರು ಹೆಸರು ಮಾಡಿದ್ದು ಬೇಲಿ ಹಾರುವ ಓಟದಲ್ಲಿ, ಶಿಷ್ಯರು ಹೆಸರು ಮಾಡಿದ್ದು ಬಯಲು ಓಟದಲ್ಲಿ. ಗುರು ಏರದ ಎತ್ತರವನ್ನು ಶಿಷ್ಯ ಏರಬಹುದು. ಗುರು ಹೋಗದ ದಾರಿಯಲ್ಲಿಯೂ ಹೋಗಬಹುದು. ತನ್ನ ಹಳೆಯ ಗೆಲುವುಗಳನ್ನು ಹುಡುಗರಿಂದ ಮತ್ತೆ ಆಡಿಸಿ ನೋಡುವ ಆಸೆಯುಳ್ಳವನಿಗೆ ಇದು ಸಾಧ್ಯವಾಗದು.

ಅಲ್ಲಿನ ರೇಸಿನ ಕಟ್ಟಳೆಯಲ್ಲಿ ಕಲಿಯುವ ಹುಡುಗನಿಗೆ ಒಂದು ರಿಯಾಯಿತಿಯುಂಟು. ಕುದುರೆ ಹೊರಬೇಕಾದ ತೂಕದಲ್ಲಿ, ಬಯಲು ಓಟದಲ್ಲಿ, ಇಪ್ಪತ್ತು ಗೆಲುವಿನವರೆಗೆ 7 ಪೌಂಡು, ಐವತ್ತರವರೆಗೆ 5, ತೊಂಬತ್ತೈದರವರೆಗೆ 3 ಪೌಂಡು ಕಳೆಯುತ್ತಾರೆ. ಆಮೇಲೆ ಏನೂ ಇಲ್ಲ. ಇದರಿಂದ ಕುದುರೆಯ ಮಾಲಿಕನಿಗೂ ಹೊಸಬನನ್ನು ಏರಿಸುವ ಮನಸ್ಸು ಬರುತ್ತದೆ. ಹುಡುಗನಿಗೆ ಕಲಿಯಲು ಪಂದ್ಯ ಸಿಗುತ್ತದೆ. ಎಷ್ಟು ವಿವೇಕದ ಏರ್ಪಾಡು! ಕಲಿಯುವವನು ಕಲಿತವನ ಸಮನಲ್ಲವೆಂದು ಒಪ್ಪಿಕೊಂಡು, ಅವನ ಹೊರೆಯನ್ನು ಇಳಿಸಿ, ಅವನು ಬೆಳೆದಂತೆಲ್ಲ ಆ ಊರುಗೋಲನ್ನು ಸ್ವಲ್ಪ ಸ್ವಲ್ಪವೇ ಕಸಿದುಕೊಳ್ಳುತ್ತದೆ. ಜೂಜುಕೋರರ ಲೋಕವೆಂದು ನಾವು ಮೂಗು ಮುರಿಯುವಲ್ಲಿ ಶಿಕ್ಷಣಶಾಸ್ತ್ರದ ಇಂಥ ಒಂದು ಸೂತ್ರ ಕೂತಿದೆ.

ಸವಾರನೇ ಬರೆಯಲು ಕುಳಿತರೆ ಏನಾಗುತ್ತದೆ? ಅದಕ್ಕೂ ಒಂದು ನಿದರ್ಶನವಿದೆ. ಡಿಕ್ ಫ್ರಾನ್ಸಿಸ್ 1953–54ರ ಸಾಲಿನಲ್ಲಿ ಬೇಲಿ ಓಟದ ಮೊದಲ ಸ್ಥಾನದವನು. 1956ರ ಗ್ರ್ಯಾಂಡ್ ನ್ಯಾಷನಲ್ ಪಂದ್ಯದಲ್ಲಿ ರಾಜಮಾತೆಯ ಕುದುರೆ ಡೆವನ್ ಲಾಕ್ ಎಲ್ಲರಿಗಿಂತ ಮುಂದಿದ್ದು, ಗುರಿ ಕಣ್ಣೆದುರಿಗಿರುವಾಗ, ಕಾರಣ ತಿಳಿಯದ ಹಾಗೆ ಕುಸಿದುಬಿತ್ತು. ಮರುವರ್ಷ ಸವಾರಿ ಬಿಟ್ಟ ಫ್ರಾನ್ಸಿಸ್ ಅದೇ 1957ರಲ್ಲಿ ಆತ್ಮಕಥೆ ಪ್ರಕಟಿಸಿದ; 1962ರಲ್ಲಿ ಮೊದಲ ಪತ್ತೇದಾರಿ ಕಾದಂಬರಿ ಬಂತು; ಮುಂದೆ ಜಗತ್ತೆಲ್ಲ ಓದುವ ಕಾದಂಬರಿಕಾರನಾದ. ಕೈಯ ವಿದ್ಯೆ ಬಾಯಿಗೆ ಬಾರದೆಂಬ ಮಾತಿಗೆ ಈತ ಅಪವಾದ. ಲಾಯದ ನಸುಕು, ಕುದುರೆಯ ಬೆವರು, ಬಿದ್ದ ಸವಾರನ ಮುರಿದ ಎಲುಬು ಓದುಗರಿಗೆ ಪರಿಚಿತವಾದದ್ದು ಇವನಿಂದ. ಆದರೂ ಒಂದು ಭೇದವನ್ನು ಮರೆಯಬಾರದು. ಓದುಗ ಕಾದಂಬರಿಯಿಂದ ಸವಾರಿಯ ಸುಖವನ್ನು ಪಡೆಯುತ್ತಾನೆ, ಸವಾರಿಯನ್ನು ಪಡೆಯುವುದಿಲ್ಲ. ಇಡುಗಂಟು ಕೈಯಿಂದ ಕೈಗೇ ಹೋಗಬೇಕು. ಬರಹ ಮಾಡಬಹುದಾದದ್ದು, ಹಾಗೆ ಕೈ ಬದಲಾಗುವ ಹೊತ್ತನ್ನು ಕಂಡು ಹೇಳುವುದು.

ಭಾರತದಲ್ಲಿ ಪೆಸಿ ಶ್ರಾಫ್ 1,700ಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದು 2004ರಲ್ಲಿ ಸವಾರಿ ಬಿಟ್ಟು ಟ್ರೇನರ್ ಆದರು. ಅಲ್ಲಿಯೂ ಯಶಸ್ಸು ಪಡೆದರು. ಅವರ ಕುರಿತ ಬರಹಗಳು ಎರಡನೆಯ ವೃತ್ತಿಯನ್ನೂ ಗೆಲುವಿನ ಎಣಿಕೆಯಿಂದಲೇ ಅಳೆಯುತ್ತವೆ. ಎಣಿಕೆ ಬೇಡವೆನ್ನುತ್ತಿಲ್ಲ; ಅಂಕಿಯಿಲ್ಲದ ಹೊಗಳಿಕೆ ಬರಿಯ ಹೊಗಳಿಕೆ. ಆದರೆ ಲಾಯದಲ್ಲಿ ಬಾಹುಕ ಬಡಕಲು ಕುದುರೆಯನ್ನು ಏಕೆ ಆರಿಸಿದನೆಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಗುವುದಿಲ್ಲ.

ಕುದುರೆಯ ಮಾತು ಬೆಂಗಳೂರು, ಮೈಸೂರುಗಳ ರೇಸ್ ಕೋರ್ಸಿಗೆ ಸೇರಿದ್ದು, ನಮಗೇಕೆ ಎನ್ನುವವರು ಕರಾವಳಿಯ ಕಂಬಳವನ್ನು ನೋಡಲಿ. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂಬ ವಿಭಾಗಗಳಲ್ಲಿ ಕೋಣಗಳನ್ನು ಓಡಿಸುವವನೂ ಒಂದು ರೀತಿಯ ಸವಾರನೇ. ಅಡ್ಡಹಲಗೆಯಲ್ಲಂತೂ ಹಲಗೆಯ ಮೇಲೆ ನಿಂತೇ ಸಾಗುತ್ತಾನೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವನ್ನೆಲ್ಲ ಸುತ್ತಿತು. ಪತ್ರಿಕೆಗಳು ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದು ತೆಗೆದು, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿ ಇಟ್ಟವು. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆ ಬಂತು. ಗೌಡರು ಒಲ್ಲೆನೆಂದರು, ಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ, ಒಂದರಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಕಾಲ್ಬೆರಳು ಎಂಬ ಅರ್ಥದ ಮಾತಾಡಿದರು. ಆ ಗದ್ದಲದಲ್ಲಿ ಎಲ್ಲರಿಗಿಂತ ನಿಖರವಾದ ವಿಮರ್ಶೆ ಬಂದದ್ದು ಓಡಿದವರ ಬಾಯಿಂದಲೇ. ತನ್ನ ವಿದ್ಯೆಯ ಎಲ್ಲೆ ಯಾವುದೆಂದು ಬಲ್ಲವನ ಮಾತು ಅದು. ಅಂಥ ತಿಳಿವು ಸುಮ್ಮನೆ ಬರುವುದಿಲ್ಲ. ಗುಣಪಾಲ ಕಡಂಬರ ಮುಂದಾಳುತನದಲ್ಲಿ 2011ರಿಂದ ಕಂಬಳದ ಅಕಾಡೆಮಿಯೊಂದು ಕರಾವಳಿಯ ಹುಡುಗರಿಗೆ ಕೋಣ ಓಡಿಸುವ ತರಬೇತಿ ಕೊಡುತ್ತ ಬಂದಿದೆ. ಬೋಲ್ಟನ ಹೋಲಿಕೆಗೆ ಸಿಕ್ಕ ಜಾಗದ ಹತ್ತರಲ್ಲೊಂದು ಪಾಲೂ ಆ ಕಲಿಕೆಯ ಕಥೆಗೆ ಸಿಕ್ಕಲಿಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಹಾನಗಲ್ಲ ಸೀಮೆಯಲ್ಲಿ ದೀಪಾವಳಿಯ ಬಲಿಪಾಡ್ಯ ಬಂತೆಂದರೆ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿಯ ಹಾರ, ಕೊಂಬಿಗೆ ಬಣ್ಣ, ಬಲೂನು, ಜೂಲು. ಎರಡು ಬದಿಯ ಜನಸಾಗರದ ನಡುವೆ ಹೋರಿ ಬಾಣದಂತೆ ಬರುತ್ತದೆ. ಹುಡುಗರು ಮುನ್ನುಗ್ಗಿ ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಪಾರಾದರೆ ಹೋರಿ ಗೆದ್ದಂತೆ. ಇಲ್ಲಿ ಯಾರೂ ಬೆನ್ನೇರುವುದಿಲ್ಲ. ಆದರೆ ಪಶುವಿನ ವೇಗಕ್ಕೂ ಮನುಷ್ಯನ ಮೈಗೂ ನಡುವಿನ ಒಂದು ಗೇಣಿನ ಲೆಕ್ಕ ಕುದುರೆಯ ಸವಾರನಿಗೆಷ್ಟು ಬೇಕೋ ಇವನಿಗೂ ಅಷ್ಟೇ ಬೇಕು. ಎಲ್ಲಿ ನಿಲ್ಲಬೇಕು, ಹೋರಿಯ ಕಿವಿ ಕಣ್ಣು ಏನು ಹೇಳುತ್ತಿವೆ, ಯಾವ ಕ್ಷಣದಲ್ಲಿ ಕೈ ಚಾಚಬೇಕು, ಯಾವುದಕ್ಕೆ ಕೈ ಬಿಡಬೇಕು: ಇದು ವಿದ್ಯೆ. ಹೋರಿ ಸಾಕುವುದೂ ವಿದ್ಯೆಯೇ. ಮೇಯಿಸುವುದು, ಮೈ ತಿಕ್ಕುವುದು, ಜನರ ಕೂಗಿಗೆ ಒಗ್ಗಿಸುವುದು ಒಂದು ದಿನದಲ್ಲಿ ಆಗುವ ಮಾತಲ್ಲ.

ಈ ಹಬ್ಬಕ್ಕೂ ತನ್ನದೇ ಆದ ವಾಙ್ಮಯವುಂಟು. ಅದು ಧ್ವನಿವರ್ಧಕದ ವಾಙ್ಮಯ. ಮೈಕು ಹಿಡಿದವನು ಬರುವ ಹೋರಿಯನ್ನು ಬಿರುದುಬಾವಲಿಗಳೊಡನೆ ಸಾರುತ್ತಾನೆ. ಆ ಮಾತಿನ ಓಟದಲ್ಲಿ ಹಳೆಯ ವೀರಗೀತೆಯ ಬಿಸಿ ಇದೆ, ಪ್ರಾಸವಿದೆ, ನಗೆಯಿದೆ. ನಾನು ಅದನ್ನು ಕೀಳೆಂದು ಎಣಿಸುವವನಲ್ಲ. ನಮ್ಮ ಅನೇಕ ಸಭಾಭಾಷಣಗಳಿಗಿಂತ ಜೀವಂತವಾದ ಕನ್ನಡ ಅದು. ಆದರೆ ನಾನು ಕೇಳಿದಷ್ಟರಲ್ಲಿ ಅದು ಮೂರು ಹೆಸರುಗಳನ್ನು ಕೂಗುತ್ತದೆ: ಹೋರಿಯದು, ಒಡೆಯನದು, ಊರಿನದು. ಹೋರಿಯನ್ನು ಪಳಗಿಸಿದವನ ಹೆಸರು, ಹುಡುಗನಿಗೆ ಹೆಜ್ಜೆ ಕಲಿಸಿದ ಹಳೆಯ ಪೈಲವಾನನ ಹೆಸರು ಆ ಸಾಲಿನಲ್ಲಿ ಬರುವುದಿಲ್ಲ. ಮೈಕಿನ ಮಾತನ್ನು ಬೆಳೆಯುತ್ತ ಕೇಳಿದ ಹುಡುಗನಿಗೆ ಅದು ಕಲಿಸುವ ಪಾಠ ಇಷ್ಟೇ: ನುಗ್ಗಿದವನು ಗಂಡು, ಹಿಂದೆ ಸರಿದವನು ಹೇಡಿ. ಹಿಂದೆ ಸರಿಯುವುದು ವಿದ್ಯೆಯ ಅರ್ಧಭಾಗವೆಂದು ಹೇಳಬೇಕಾದವನು ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತಾನೆ.

ಇದು ಬರಿಯ ಸಾಹಿತ್ಯದ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದಕ್ಕೆ ಬೆಳೆಸುವ ಅಗತ್ಯವಿರಲಿಲ್ಲ. 2025ರ ದೀಪಾವಳಿಯಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಹೋರಿಗಳ ಹಾವಳಿಗೆ ಜೀವಗಳು ಹೋದವು. ಆಟಕ್ಕಿಳಿಯದ ವಯೋವೃದ್ಧರೂ ಅವರಲ್ಲಿದ್ದರು. ಕಾನೂನು ತನ್ನ ಪಾಲಿನ ಕೆಲಸ ಮಾಡುತ್ತ ಬಂದಿದೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಕಂಬಳಕ್ಕೂ ಎತ್ತುಗಳ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಬೇಲಿ ಕಟ್ಟಿ, ವೈದ್ಯರನ್ನು ನಿಲ್ಲಿಸಿ ಎಂದು ಅಧಿಕಾರಿ ಹೇಳಬಹುದು. ಹುಡುಗನ ಕಾಲಿಗೆ ಯಾವ ಕ್ಷಣ ಹಿಂದೆಗೆಯಬೇಕೆಂದು ಹೇಳಿಕೊಡುವ ಶಕ್ತಿ ಸುತ್ತೋಲೆಗಿಲ್ಲ. ಅದು ಇಳಿದ ಸವಾರನ ಬಳಿ ಮಾತ್ರ ಇರುವ ಇಡುಗಂಟು. ಹಬ್ಬ ಉಳಿಯಬೇಕೆನ್ನುವವರೂ ನಿಲ್ಲಬೇಕೆನ್ನುವವರೂ ತಮ್ಮ ವಾದದಲ್ಲಿ ಅವನಿಗೊಂದು ಮಾತು ಬಿಟ್ಟುಕೊಡುವುದಿಲ್ಲ.

ಕಲಿಸುವ ಕೆಲಸದಲ್ಲಿ ನಾಟಕೀಯತೆ ಇಲ್ಲ, ದಿನದಿನವೂ ಅದೇ ರಾಗ, ಅದನ್ನು ಓದುವವರಾರು ಎಂದು ಸಂಪಾದಕರೂ ಲೇಖಕರೂ ಆಕ್ಷೇಪಿಸಬಹುದು. ಆಕ್ಷೇಪ ಹಗುರವಾದದ್ದಲ್ಲ. ಗೆಲುವಿಗೆ ಒಂದು ಕ್ಷಣವಿದೆ, ಕ್ಯಾಮರಾ ಅದನ್ನು ಹಿಡಿಯುತ್ತದೆ. ಕಲಿಕೆಗೆ ವರ್ಷಗಳಿವೆ, ಅವು ಚಿತ್ರಕ್ಕೆ ಸಿಕ್ಕುವುದಿಲ್ಲ. ಆದರೆ ನಳನ ಕಥೆ ಈ ತೊಡಕನ್ನು ಎಷ್ಟೋ ಶತಮಾನಗಳ ಹಿಂದೆಯೇ ಬಿಡಿಸಿದೆ. ಬಾಹುಕ ಮಹಾವೀರನೆಂದು ಅದು ಎಲ್ಲಿಯೂ ಘೋಷಿಸುವುದಿಲ್ಲ. ಬಡಕಲು ಕುದುರೆಯ ಆಯ್ಕೆ, ಹಿಂದುಳಿದ ಉತ್ತರೀಯ, ಹಳೆಯ ಸಾರಥಿಯ ಗುಮಾನಿ: ಮೂರು ಸಣ್ಣ ಗುರುತುಗಳನ್ನಿಟ್ಟು ವಿದ್ಯೆ ಇರುವ ಕೈಯನ್ನು ಕಾಣಿಸುತ್ತದೆ. ನಮ್ಮ ವ್ಯಕ್ತಿಚಿತ್ರಕಾರರು ಇದನ್ನು ಅಭ್ಯಾಸ ಮಾಡಬಾರದೇಕೆ? ಮುದಿ ಪೈಲವಾನನ ಮನೆಗೆ ಹೋದಾಗ ಗೋಡೆಯ ಮೇಲಿನ ಫೋಟೋಗಳನ್ನು ಎಣಿಸುವ ಮೊದಲು, ಹತ್ತು ಹುಡುಗರಲ್ಲಿ ಒಬ್ಬನನ್ನು ಆತ ಏಕೆ ಆರಿಸಿದ, ಒಬ್ಬನನ್ನು ಏಕೆ ಮನೆಗೆ ಕಳಿಸಿದ ಎಂದು ಕೇಳಲಿ. ಯಾವ ಹುಡುಗನಿಗೆ ‘ಬೇಡ’ ಎಂದು ಹೇಳಿ ಅವನ ಜೀವ ಉಳಿಸಿದ ಎಂದು ಕೇಳಲಿ. ಬಹುಮಾನದ ಬೈಕಿನ ಕಥೆಗಿಂತ ಅದು ಓದುಗನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸೀತು.

ಕಲಿಸುವವರೆಲ್ಲ ಒಳ್ಳೆಯವರೆಂದು ನಾನು ವಾದಿಸುತ್ತಿಲ್ಲ. ಹುಡುಗರ ಹೊಟ್ಟೆ ಕಟ್ಟಿ ತೂಕ ಇಳಿಸಿದವರೂ, ತಮ್ಮ ಹಳೆಯ ಸೋಲಿನ ಸೇಡನ್ನು ಶಿಷ್ಯರ ಮೈಯಿಂದ ತೀರಿಸಿಕೊಂಡವರೂ ಎಲ್ಲ ಆಟಗಳಲ್ಲಿ ಇರುತ್ತಾರೆ. ಅದಕ್ಕಾಗಿಯೇ ಅವರ ಕೆಲಸ ಬೆಳಕಿಗೆ ಬರಬೇಕು. ಸವಾರನ ಗೆಲುವನ್ನು ಗಡಿಯಾರ ಅಳೆಯುತ್ತದೆ. ಗುರುವನ್ನು ಅಳೆಯಲು ವಿಮರ್ಶೆ ಬೇಕು. ಹೊಗಳಿಕೆಯ ಒಂದು ವಾಕ್ಯದಲ್ಲಿ ಅವನನ್ನು ಮುಗಿಸಿದಾಗ ಒಳ್ಳೆಯ ಗುರುವಿಗೆ ಅನ್ಯಾಯವಾಗುತ್ತದೆ, ಕೆಟ್ಟ ಗುರುವಿಗೆ ರಕ್ಷಣೆ ಸಿಗುತ್ತದೆ.

ಬಾಹುಕನ ರಥ ಕುಂಡಿನಪುರವನ್ನು ಸಮೀಪಿಸಿದಾಗ ಅದರ ಸದ್ದನ್ನು ಮೊದಲು ಗುರುತಿಸಿದವರಲ್ಲಿ ದಮಯಂತಿ ಒಬ್ಬಳು. ಅಲ್ಲಿ ಬಿಟ್ಟುಹೋಗಿದ್ದ ನಳನ ಹಳೆಯ ಕುದುರೆಗಳೂ ಆ ಸದ್ದು ಕೇಳಿ ಹಿಗ್ಗಿದವೆಂದು ಕಥೆ ಹೇಳುತ್ತದೆ. ರೂಪವನ್ನು ನೋಡಿದವರು ಮೋಸಹೋದರು, ಸದ್ದನ್ನು ಕೇಳಿದವರು ಮೋಸಹೋಗಲಿಲ್ಲ. ನಮ್ಮ ಬರವಣಿಗೆಗೆ ಬೇಕಾದದ್ದು ಆ ಕಿವಿ. ಅದು ಬರುವುದಕ್ಕೆ ಕಾಲ ಹಿಡಿದೀತು. ಅಲ್ಲಿಯವರೆಗೆ ಒಂದು ಸಣ್ಣ ಕೆಲಸವನ್ನು ಮುಂದಿನ ಬಲಿಪಾಡ್ಯದಂದೇ ಮಾಡಬಹುದು. ಮೈಕು ಹಿಡಿದವರು ಹೋರಿ, ಒಡೆಯ, ಊರು ಎಂಬ ಮೂರು ಹೆಸರಿನ ಜತೆಗೆ ನಾಲ್ಕನೆಯದನ್ನೂ ಕೂಗಲಿ: ಇದನ್ನು ಪಳಗಿಸಿದವರು ಇಂಥವರು, ಈ ಹುಡುಗನಿಗೆ ಕಲಿಸಿದವರು ಇಂಥವರು. ಹೆಸರು ಕೂಗಿಸಿಕೊಂಡವನಿಗೆ ಹೊಣೆಯೂ ಅಂಟಿಕೊಳ್ಳುತ್ತದೆ. ಊರೆಲ್ಲ ಕೇಳುವಂತೆ ಗುರುವೆನಿಸಿಕೊಂಡವನು, ಕಲಿಯದ ಹುಡುಗನನ್ನು ಹೋರಿಯ ಮುಂದೆ ಬಿಡುವ ಮೊದಲು ಎರಡು ಸಲ ಯೋಚಿಸುತ್ತಾನೆ.